ಕಾಯಿಲೆಗೆ ರಜೆ ಕೇಳುವುದು ಅಪರಾಧವೇ?

"ಭಾನುವಾರ ತೋರಿಸಿಕೊಳ್ಳಿ" ಎಂದು ಮ್ಯಾನೇಜರ್ ನಿನ್ನೆ ಮತ್ತೆ ಹೇಳಿದರು. ನನ್ನ ಸಕ್ಕರೆ ಕಾಯಿಲೆಯ ಡಾಕ್ಟರು ಭಾನುವಾರ ಕೂರುವುದೇ ಇಲ್ಲ ಎಂದು ಎಷ್ಟು ಸಲ ಹೇಳಬೇಕು? ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವ ನಮಗೆ ಕಾಯಿಲೆ ಬರಬಾರದೇ? ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಡಬೇಕು, ಉಂಡು ಎರಡು ಗಂಟೆಯಾದ ಮೇಲೆ ಮತ್ತೊಮ್ಮೆ. ಆಮೇಲೆ ಚೀಟಿ, ಸರದಿ, ವರದಿಗೆ "ಮಧ್ಯಾಹ್ನ ಬನ್ನಿ". ಇದು ಒಂದು ಗಂಟೆಯ ಅನುಮತಿಯಲ್ಲಿ ಮುಗಿಯುವ ಕೆಲಸವೇ?

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಕಾಯಿಲೆಯಂಥ ಕಾರಣಕ್ಕೆ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆ ಅದರಲ್ಲೇ ಇದೆ. ಆದರೂ ಅರ್ಧ ದಿನ ಹೋದರೆ ಪೂರ್ತಿ ದಿನದ ಸಂಬಳ ಕಡಿತ! ಮೇಲೆ, ಔಷಧಿ ಚೀಟಿ ತೋರಿಸಿ, ವರದಿ ತೋರಿಸಿ. ನನ್ನ ಮೈಯ ವಿಚಾರವನ್ನು ಗಲ್ಲಾಪೆಟ್ಟಿಗೆಯ ಮುಂದೆ ಎಲ್ಲರೆದುರು ಏಕೆ ಬಿಚ್ಚಿಡಬೇಕು? ದೀಪಾವಳಿಗೆ ರಾತ್ರಿ ಹತ್ತರವರೆಗೆ ನಮ್ಮನ್ನು ನಿಲ್ಲಿಸಿಕೊಂಡಾಗ ಯಾರೂ ಗಡಿಯಾರ ನೋಡಲಿಲ್ಲವಲ್ಲ!