ಇಲ್ಲಿ ಒತ್ತಿ, ಅಲ್ಲಿ ಏನೂ ಇಲ್ಲ

ಆ ಮೇಲ್ ನಿಮಗೂ ಬಂದಿರುತ್ತದೆ ಬಿಡಿ. ಬಾಗಲಕೋಟೆಯಲ್ಲಿ ಆನ್‌ಲೈನ್ ದೂರು ಕೊಟ್ಟ ತಪ್ಪಿಗೆ ಎಲ್ಲರಿಗೂ ಬಂದಿದೆ. ‘ಮಾನ್ಯರೇ, ತಮ್ಮ ದೂರಿಗೆ ಉತ್ತರ ನೀಡಲಾಗಿದೆ. ಉತ್ತರ ನೋಡಲು ಇಲ್ಲಿ ಒತ್ತಿ.’ ಒತ್ತುತ್ತೀರಿ. ಫೋನು ಸ್ವಲ್ಪ ಹೊತ್ತು ಗಿರಗಿರ ಸುತ್ತಿ, ಪುಟ ಸಿಗುತ್ತಿಲ್ಲ ಎನ್ನುತ್ತದೆ. ಕಚೇರಿಯ ಹೆಸರು ಬೇಡ. ಒಂದರ ಹೆಸರು ಹೇಳಿದರೆ ಉಳಿದವರಿಗೆ ಬೇಜಾರು. ಅವರೂ ಇದೇ ಕೆಲಸವನ್ನು ಅಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದಾರೆ.

ಹೊಗಳಬೇಕಾದ್ದನ್ನು ಮೊದಲು ಹೊಗಳಿಬಿಡೋಣ. ಉತ್ತರ ಬಂದಿದೆ! ನಮ್ಮ ಅಪ್ಪಂದಿರ ಕಾಲದಲ್ಲಿ ಅರ್ಜಿ ಕೊಟ್ಟರೆ ಉತ್ತರವೇ ಬರುತ್ತಿರಲಿಲ್ಲ, ಬಂದಿಲ್ಲ ಎಂಬುದಾದರೂ ಖಾತ್ರಿ ಇರುತ್ತಿತ್ತು. ಈಗ ಬಂದಿದೆ ಎಂಬುದು ಖಾತ್ರಿ. ಏನು ಬಂದಿದೆ ಎಂಬುದು ಮಾತ್ರ ಗೊತ್ತಿಲ್ಲ.

ಲಿಂಕಿನ ಮೇಲೆ ಬೆರಳು ಒತ್ತಿ ಹಿಡಿದರೆ ಅದರ ವಿಳಾಸ ಕಾಣುತ್ತದೆ. ಶುರುವಿಗೇ ‘ಲೋಕಲ್‌ಹೋಸ್ಟ್’ ಅಂತ ಇದೆ. ಅಂಕಿಯಲ್ಲಿ ಬರೆದರೆ 127.0.0.1. ಅಂದರೆ ‘ಈ ಯಂತ್ರವೇ’ ಅಂತ. ಯಾವ ಯಂತ್ರದಲ್ಲಿ ಈ ವಿಳಾಸ ಒತ್ತಿದರೂ ಅದು ಹೊರಗೆ ಎಲ್ಲೂ ಹೋಗುವುದಿಲ್ಲ, ತನ್ನೊಳಗೇ ಹುಡುಕುತ್ತದೆ. ಪ್ರೋಗ್ರಾಂ ಬರೆಯುವವರು ಸೈಟನ್ನು ಮೊದಲು ತಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡುತ್ತಾರಲ್ಲ, ಆಗ ಬಳಸುವ ವಿಳಾಸ ಅದು. ಅವರು ಒತ್ತಿದಾಗ ತೆರೆದಿದೆ. ಚಪ್ಪಾಳೆ ಬಿದ್ದಿದೆ, ಬಿಲ್ ಪಾಸಾಗಿದೆ. ನೀವು ನವನಗರದಲ್ಲಿ ಕೂತು ಒತ್ತಿದರೆ ನಿಮ್ಮ ಫೋನು ಕಚೇರಿಯನ್ನು ತನ್ನ ಹೊಟ್ಟೆಯೊಳಗೇ ಹುಡುಕುತ್ತದೆ. ಗುಡ್ ಮಾರ್ನಿಂಗ್ ಹೂವು, ಮದುವೆ ಫೋಟೊ, ಮೊಮ್ಮಗನ ವಿಡಿಯೊ, ಇವುಗಳ ಸಂದಿಯಲ್ಲಿ ಎಲ್ಲಾದರೂ ಎಂಜಿನಿಯರ್ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದಾರಾ ಅಂತ. ಹೊರಗೆಲ್ಲೂ ಹುಡುಕಬೇಡ, ನಿನ್ನೊಳಗೇ ನೋಡು ಎಂದು ನಮ್ಮ ಕಡೆಯ ಮಠಗಳ ಪ್ರವಚನದಲ್ಲಿ ಹೇಳುತ್ತಲೇ ಬಂದಿದ್ದಾರೆ. ಅದನ್ನು ಆಡಳಿತದಲ್ಲಿ ಜಾರಿಗೆ ತಂದವರು ಇವರು.

ತಮಾಷೆ ಏನೆಂದರೆ, ಸೈಟನ್ನು ನೇರವಾಗಿ ತೆರೆದರೆ ಎಲ್ಲ ಸರಿ ಇರುತ್ತದೆ. ನೀವು ಯಾವ ವಿಳಾಸ ಹಾಕಿಕೊಂಡು ಬಂದಿರೋ ಅದನ್ನೇ ನೋಡಿ ಸೈಟು ತನ್ನ ಲಿಂಕುಗಳನ್ನು ಕಟ್ಟುತ್ತದೆ. ಮೇಲ್ ಹಾಗಲ್ಲ. ರಾತ್ರಿ ಹೊತ್ತು ತಾನಾಗಿ ಓಡುವ ಒಂದು ಪ್ರೋಗ್ರಾಂ ಅದನ್ನು ಕಳಿಸುತ್ತದೆ. ಆ ಹೊತ್ತಿಗೆ ಬಾಗಿಲಲ್ಲಿ ಯಾರೂ ಇರುವುದಿಲ್ಲ. ನನ್ನ ವಿಳಾಸ ಏನಪ್ಪಾ ಅಂತ ಅದು ಸೆಟ್ಟಿಂಗ್ಸ್ ಫೈಲ್ ತೆಗೆದು ನೋಡುತ್ತದೆ. ಲ್ಯಾಪ್‌ಟಾಪ್ ಕಾಲದ ‘ಲೋಕಲ್‌ಹೋಸ್ಟ್’ ಅಲ್ಲಿ ಹಾಗೇ ಕೂತಿರುತ್ತದೆ. ಒಂದೇ ಒಂದು ಸಾಲು. ಅದನ್ನು ಬದಲಿಸಲು ಒಂದು ಕಪ್ ಚಾ ಕುಡಿಯುವಷ್ಟು ಹೊತ್ತೂ ಬೇಡ. ಆದರೆ ಬದಲಿಸುವ ಅಧಿಕಾರ ಬೆಂಗಳೂರಿನಲ್ಲಿದೆಯಂತೆ. ಬೆಂಗಳೂರಿನವರು ಅದನ್ನು ಗುತ್ತಿಗೆ ಕಂಪನಿಗೆ ಕೊಟ್ಟಿದ್ದಾರಂತೆ. ಕಂಪನಿಯ ಗುತ್ತಿಗೆ ಮುಗಿದಿದೆಯಂತೆ.

ಸಹಾಯವಾಣಿ ಇದೆ. ಇಲ್ಲ ಅನ್ನುವ ಹಾಗಿಲ್ಲ. ಪರಿಚಯದವರೊಬ್ಬರು ಸ್ಪೀಕರ್ ಹಾಕಿ ಮಾತಾಡಿದರು, ಅಂಗಡಿ ಕಟ್ಟೆಯ ಮೇಲಿದ್ದ ನಾವೆಲ್ಲ ಕೇಳಿಸಿಕೊಂಡೆವು.

‘ಲಿಂಕ್ ಓಪನ್ ಆಗವಲ್ದ್ರಿ ಮೇಡಂ.’

‘ಕ್ರೋಮ್‌ನಲ್ಲಿ ನೋಡಿ ಸರ್.’

‘ಕ್ರೋಮ್‌ನಾಗ ನೋಡಾಕತ್ತೀನ್ರಿ.’

‘ಹಾಗಾದ್ರೆ ಬೇರೆ ಬ್ರೌಸರ್‌ನಲ್ಲಿ ನೋಡಿ ಸರ್.’

‘ಅದರಾಗ ವಿಳಾಸಾನ ತಪ್ಪೈತ್ರಿ.’

‘ನಮ್ಮ ಸಿಸ್ಟಂನಲ್ಲಿ ಉತ್ತರ ಕಳಿಸಲಾಗಿದೆ ಅಂತ ತೋರಿಸ್ತಿದೆ ಸರ್. ಇನ್ನೇನಾದ್ರೂ ಸಹಾಯ ಬೇಕಾ?’

ಮೇಲ್‌ಗೇ ತಿರುಗಿ ಬರೆಯೋಣ ಎಂದರೆ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಇದು ಸ್ವಯಂಚಾಲಿತ ಸಂದೇಶ, ದಯವಿಟ್ಟು ಉತ್ತರಿಸಬೇಡಿ.’ ಹಿಂದೆ ಮನೆಗೆ ಬರುತ್ತಿದ್ದ ಕಾಗದಗಳು ನೆನಪಿವೆಯಾ? ‘ಉಭಯ ಕುಶಲೋಪರಿ’ ಎಂದು ಶುರುವಾಗಿ, ಮಳೆ ಎಷ್ಟಾಯಿತು, ಜೋಳ ಹೇಗಿದೆ, ಎಮ್ಮೆ ಈಯಿತೋ ಇಲ್ಲವೋ ಎಲ್ಲ ಹೇಳಿ, ಕೊನೆಗೆ ‘ಪತ್ರ ಮುಟ್ಟಿದ ಕೂಡಲೇ ಉತ್ತರ ಬರೆಯಿರಿ’ ಎಂದು ಮುಗಿಯುತ್ತಿದ್ದವು. ಮನೆಯಲ್ಲಿ ಜಗಳವಾಡಿ ಹೋದ ಚಿಕ್ಕಪ್ಪ ಕೂಡ ಹಾಗೇ ಬರೆಯುತ್ತಿದ್ದ. ಉತ್ತರಿಸಬೇಡಿ ಎಂದು ಕಾಗದ ಬರೆಯುವಷ್ಟು ಸಿಟ್ಟು ನಮ್ಮ ವಂಶದಲ್ಲಿ ಯಾರಿಗೂ ಬಂದಿರಲಿಲ್ಲ.

ಹಳೆಯ ಮೇಲ್‌ಗಳ ರೋಗ ಬೇರೆ. ಅವುಗಳಲ್ಲಿ ಇರುವುದು ಕಚೇರಿಯದೇ ವಿಳಾಸ, ಆದರೆ ಪುಟ ಇಲ್ಲ. ತೆರೆಯ ಮೇಲೆ 404 ಅಂತ ಬರುತ್ತದೆ. ಈ ಅಂಕಿಗೂ ಒಂದು ಲೆಕ್ಕ ಇದೆ. 5ರಿಂದ ಶುರುವಾಗುವ ಅಂಕಿ ಬಂದರೆ ತಪ್ಪು ಸರ್ವರ್‌ನದು. 4ರಿಂದ ಶುರುವಾದರೆ ತಪ್ಪು ಕೇಳಿದವರದು. ಅಂದರೆ ನಿಮ್ಮದು. ಅವರೇ ಕಳಿಸಿದ ಲಿಂಕ್ ಒತ್ತಿ, ಅವರೇ ತೆಗೆದುಹಾಕಿದ ಪುಟ ಕೇಳಿದ್ದು ನಿಮ್ಮ ತಪ್ಪು. ನಮ್ಮ ಕಚೇರಿಗಳಿಗೆ ಹೇಳಿ ಮಾಡಿಸಿದಂಥ ನಿಯಮ. ಇತ್ತು, ಈಗಿಲ್ಲ, ಇನ್ನು ಬರುವುದೂ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳುವುದಕ್ಕೆ 410 ಅಂತ ಬೇರೆಯೇ ಒಂದು ಅಂಕಿ ಇದೆ. ಅದನ್ನು ಹಾಕುವಷ್ಟು ಧೈರ್ಯ ಯಾರಿಗೂ ಇದ್ದ ಹಾಗಿಲ್ಲ.

ಪುಟ ಎಲ್ಲಿ ಹೋಯಿತು? ಸೈಟು ಹೊಸ ವಿಳಾಸಕ್ಕೆ ಹೋಗಿದೆ, ಅಷ್ಟೇ. ಉದ್ಘಾಟನೆಯೂ ಆಗಿದೆ, ಫೋಟೊ ನೋಡಿದ್ದೀರಿ. ವೇದಿಕೆ ಮೇಲೆ ಶಾಲು ಹೊದ್ದ ಲ್ಯಾಪ್‌ಟಾಪ್. ಮುಖ್ಯ ಅತಿಥಿಗಳು ಮೌಸ್ ಮೇಲೆ ಕೈ ಇಟ್ಟಿದ್ದಾರೆ. ಅವರ ಕೈ ಮೇಲೆ ಇನ್ನೊಬ್ಬರ ಕೈ. ಅದರ ಮೇಲೆ ಮತ್ತೊಬ್ಬರದು. ಅಷ್ಟು ಜನ ಸೇರಿ ಒಂದು ಕ್ಲಿಕ್ ಮಾಡಿದ್ದಾರೆ. ಅವರಲ್ಲಿ ಒಬ್ಬರಾದರೂ ಹಳೆಯ ಲಿಂಕ್ ಕ್ಲಿಕ್ ಮಾಡಿ ನೋಡಿದ್ದರೆ ಈ ಅಂಕಣ ಇರುತ್ತಿರಲಿಲ್ಲ.

ವಿಳಾಸ ಬದಲಾಗುವುದು ಬಾಗಲಕೋಟೆಯವರಿಗೆ ಕಲಿಸಬೇಕಾ? ಆಲಮಟ್ಟಿ ಹಿನ್ನೀರು ಬಂತು. ಓಣಿಗೆ ಓಣಿಯೇ ಎದ್ದು ನವನಗರಕ್ಕೆ ಹೋಯಿತು. ‘ಗುಡಿ ಮುಂದಿನ ಮನೆ’ ಅಂತಿದ್ದದ್ದು ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಆಯಿತು. ಬೀಳಗಿ ಕಡೆಯ ಹಳ್ಳಿಗಳು ಹೆಸರನ್ನೊಂದು ಹೊತ್ತುಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದವು. ಆ ಗದ್ದಲದಲ್ಲೂ ಲಗ್ನಪತ್ರಿಕೆಗಳು ಮುಟ್ಟಿದವು. ಪೋಸ್ಟ್‌ಮನ್ ಹಳೇ ವಿಳಾಸದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಸ ಸೆಕ್ಟರ್ ಬರೆದು, ‘ನಿಮ್ಮನ್ನ ಹುಡುಕೂದ್ರಾಗ ಸಾಕಾತ ನೋಡ್ರಿ’ ಎಂದು ಬೈದುಕೊಂಡೇ ಕೊಟ್ಟು ಹೋಗುತ್ತಿದ್ದರು. ಬೈಗುಳ ಪುಕ್ಕಟೆ, ಕಾಗದ ಖಾತ್ರಿ.

ವೆಬ್‌ನಲ್ಲೂ ಇದೇ ಕೆಲಸಕ್ಕೆ ವ್ಯವಸ್ಥೆ ಇದೆ, 301 ಅಂತ. ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸು ಎಂದು ಸರ್ವರ್‌ಗೆ ಹೇಳಿಡುವುದು. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರೇ 1998ರಲ್ಲಿ ಬರೆದಿದ್ದಾರೆ, ವಿಳಾಸ ತಾನಾಗಿ ಬದಲಾಗುವುದಿಲ್ಲ, ಜನ ಬದಲಿಸುತ್ತಾರೆ ಅಂತ. ಬೈಯುವ ಕೆಲಸವೂ ಇಲ್ಲ, ಸೈಕಲ್ ತುಳಿಯುವ ಕೆಲಸವೂ ಇಲ್ಲ. ಆದರೂ ಆಗಿಲ್ಲ. ಅಣೆಕಟ್ಟೆಯ ನೀರು 519.6 ಮೀಟರ್‌ವರೆಗೆ ನಿಲ್ಲಬೇಕು, ಮುಂದೆ ಅದನ್ನು 524.256ಕ್ಕೆ ಏರಿಸಬೇಕು ಎಂದು ಮೂರು ದಶಾಂಶದವರೆಗೆ ಲೆಕ್ಕ ಇಟ್ಟ ನಾಡು ಇದು. ನಮ್ಮ ಕಡೆಯ ರೈತರಿಗೆ ಆ ಅಂಕಿ ಬಾಯಿಪಾಠ. ಮನೆ ಮುಳುಗಿಸುವಾಗ ಇರುವ ಇಷ್ಟು ನಿಖರತೆ, ಒಂದು ಮೇಲ್‌ನಲ್ಲಿ ಸರಿಯಾದ ವಿಳಾಸ ಬರೆಯುವಾಗ ಎಲ್ಲಿ ಹೋಗುತ್ತದೆ?

ಕನ್ನಡ ಪ್ರೇಮದಿಂದ ಮುರಿದುಬೀಳುವ ಲಿಂಕುಗಳೂ ಇವೆ. ಕೆಲವು ಮೇಲ್‌ಗಳ ಲಿಂಕಿನಲ್ಲಿ ಊರಿನ ಹೆಸರು ಕನ್ನಡದಲ್ಲೇ ಇರುತ್ತದೆ. ಸಂತೋಷ. ಆದರೆ ಲಿಂಕಿನೊಳಗೆ ಕನ್ನಡ ಅಕ್ಷರ ಹಾಗೇ ಹೋಗುವುದಿಲ್ಲ. ಒಂದೊಂದು ಅಕ್ಷರವೂ, ಒಂದೊಂದು ಕಾಗುಣಿತದ ಗುರುತೂ ಪರ್ಸೆಂಟ್ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಸೇರಿ ಒಂಬತ್ತು ಜಾಗ ತಿನ್ನುತ್ತದೆ. ‘ಬಾಗಲಕೋಟೆ’ಯಲ್ಲಿ ಅಂಥವು ಎಂಟು. ಎಂಟೊಂಬತ್ತಲೆ 72. ಮುಂದೆ ಎಚ್‌ಟಿಟಿಪಿಎಸ್, ಒಂದು ಕೋಲನ್, ಎರಡು ಅಡ್ಡಗೆರೆ ಸೇರಿದರೆ 80. ಮೇಲ್‌ನಲ್ಲಿ ಒಂದು ಸಾಲು 78 ಅಕ್ಷರ ದಾಟಬಾರದು ಎಂಬ ಹಳೇ ಸಲಹೆ ಇದೆ, ಅದನ್ನು ಪಾಲಿಸುವ ಪ್ರೋಗ್ರಾಂಗಳು ಲಿಂಕನ್ನು ನಡುವೆ ಕತ್ತರಿಸಿ ಕೆಳಗಿನ ಸಾಲಿಗೆ ಇಳಿಸುತ್ತವೆ. ಮೇಲಿನ ತುಂಡಷ್ಟೇ ನೀಲಿ. ಅದನ್ನು ಒತ್ತಿದರೆ ಅರ್ಧ ಊರಿಗೆ ಹೋಗುತ್ತೀರಿ. ಬೆಳಗಾವಿ, ವಿಜಯಪುರದವರ ಹೆಸರು ತಲಾ 63ರಲ್ಲೇ ಮುಗಿಯುತ್ತದೆ. ಇದರಲ್ಲೂ ನಮಗೇ ಅನ್ಯಾಯ. ಲಿಂಕಿನ ಕೊನೆಗೆ ಪೂರ್ಣವಿರಾಮ ಅಂಟಿಸಿ ಅದನ್ನೂ ವಿಳಾಸದ ಭಾಗ ಮಾಡಿ ಕೆಡಿಸುವವರ ಬಗ್ಗೆ ಏನೂ ಹೇಳುವುದಿಲ್ಲ. ಅವರು ವ್ಯಾಕರಣ ಕಲಿತವರು.

ಇನ್ನು ಮೊಬೈಲ್ ಮೆಸೇಜುಗಳು. ಬೆಳಿಗ್ಗೆ ಒಂದು ಬರುತ್ತದೆ: ‘ಯಾವುದೇ ಲಿಂಕ್ ಒತ್ತಬೇಡಿ, ಮೋಸ ಹೋದರೆ 1930ಕ್ಕೆ ಕರೆ ಮಾಡಿ.’ ಮಧ್ಯಾಹ್ನ ಇನ್ನೊಂದು: ‘ಕೂಡಲೇ ಈ ಲಿಂಕ್ ಒತ್ತಿ.’ ಕಂಪನಿ, ಕಚೇರಿಗಳು ಎಸ್ಸೆಮ್ಮೆಸ್‌ನಲ್ಲಿ ಕಳಿಸುವ ಲಿಂಕನ್ನು ಮೊದಲೇ ನೋಂದಾಯಿಸಿರಬೇಕು, ಇಲ್ಲದಿದ್ದರೆ ಮೆಸೇಜನ್ನೇ ತಡೆಯಬೇಕು ಎಂಬ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ 2024ರ ಅಕ್ಟೋಬರ್ 1ರಿಂದ ಇದೆ. ಒಳ್ಳೆಯದೇ. ನೋಂದಣಿ ಆಗಿದೆಯಾ ಎಂದು ನೋಡುತ್ತಾರೆ. ತೆರೆಯುತ್ತದೆಯಾ ಎಂದು ನೋಡುವವರು ಯಾರು? ಈ ವಿಷಯದಲ್ಲಿ ಕಳ್ಳರನ್ನು ಮೆಚ್ಚಬೇಕು. ಕಳ್ಳರ ಲಿಂಕ್ ಒಂದು ದಿನ ಕೈ ಕೊಟ್ಟದ್ದು ಕೇಳಿದ್ದೀರಾ? ರಾತ್ರಿ ಎರಡಕ್ಕೆ ಒತ್ತಿದರೂ ತೆರೆಯುತ್ತದೆ, ಹಳೇ ಫೋನಿನಲ್ಲೂ ತೆರೆಯುತ್ತದೆ, ಮೇಲಿಂದ ಫೋನ್ ಮಾಡಿ ‘ಓಪನ್ ಆಯ್ತಾ ಸರ್’ ಅಂತ ವಿಚಾರಿಸುತ್ತಾರೆ. ಗ್ರಾಹಕ ಸೇವೆ ಅಂದರೆ ಅದು.

ಸಾಕಾಗಿದೆ ರೀ. ನಮ್ಮ ಓಣಿಯ ಅಜ್ಜಿಯೊಬ್ಬಳು ಪಿಂಚಣಿ ನಿಂತಿದೆ ಎಂದು ಮೊಮ್ಮಗನ ಫೋನಿನಿಂದ ದೂರು ಬರೆಸಿದ್ದಳು. ಉತ್ತರ ಬಂದಿದೆ ಎಂದು ಅವನು ಹೇಳಿದಾಗಿನಿಂದ ಸಿಕ್ಕಸಿಕ್ಕವರ ಮುಂದೆ ಫೋನು ಹಿಡಿಯುತ್ತಾಳೆ. ‘ಏನಂತ ಬರದಾರೋ ತಮ್ಮಾ?’ ಏನು ಹೇಳುವುದು? ಲೋಕಲ್‌ಹೋಸ್ಟ್ ಅನ್ನುವುದಾ? ಮೇಲ್ ಹೋದ ಕ್ಷಣವೇ ಅವಳ ದೂರು ‘ಇತ್ಯರ್ಥ’ ಆಗಿದೆ. ಮೇಲಿನವರಿಗೆ ಹೋಗುವ ವರದಿಯಲ್ಲಿ ಅದಕ್ಕೆ ಹಸಿರು ಬಣ್ಣ ಬಿದ್ದಿದೆ. ಅವಳು ಓದಿದಳಾ ಎಂದು ಕೇಳುವ ಕಾಲಂ ಆ ವರದಿಯಲ್ಲಿಲ್ಲ. ಉತ್ತರ ಒಪ್ಪಿಗೆ ಇಲ್ಲದಿದ್ದರೆ ಇಂತಿಷ್ಟು ದಿನದೊಳಗೆ ಮೇಲ್ಮನವಿ ಹಾಕಬಹುದು, ಆ ದಿನಗಳ ಲೆಕ್ಕವೂ ಮೇಲ್ಮನವಿಯ ಬಟನ್ನೂ ಇರುವುದು ತೆರೆಯದ ಆ ಪುಟದ ಒಳಗೇ. ಇದನ್ನು ತಾಂತ್ರಿಕ ದೋಷ ಅನ್ನುತ್ತಾರೆ. ದೋಷ ಅಂದರೆ ಯಾರಿಗಾದರೂ ತೊಂದರೆ ಆಗಬೇಕಲ್ಲ? ಕಳಿಸಿದವರಿಗೆ ಒಂದಿಷ್ಟೂ ಆಗಿಲ್ಲ. ಅವರ ಕೆಲಸ ಮುಗಿದಿದೆ. ಲಿಂಕ್ ತೆರೆದಿದ್ದರೆ ಎದುರು ಪ್ರಶ್ನೆ ಬರುತ್ತಿತ್ತು, ತಲೆನೋವು ಶುರುವಾಗುತ್ತಿತ್ತು. ಹಾಗಾಗಿ ಆ ಒಂದು ಸಾಲು ಬದಲಿಸಲು ಯಾರಿಗೂ ಅವಸರ ಇಲ್ಲ.

ಅವಸರ ಇರುವವರು ನಮ್ಮ ಊರಲ್ಲೇ ಇದ್ದಾರೆ. ಆಧಾರ್, ಪಾನ್, ಉತಾರ, ಜೆರಾಕ್ಸ್ ಎಂದು ಬೋರ್ಡ್ ಹಾಕಿದ ಅಂಗಡಿಯ ಹುಡುಗನಿಗೆ ಈಗ ಹೊಸ ದಂಧೆ, ಲಿಂಕ್ ರಿಪೇರಿ. ವಿಳಾಸದಲ್ಲಿ ‘ಲೋಕಲ್‌ಹೋಸ್ಟ್’ ಅಂತ ಇದ್ದದ್ದನ್ನು ಅಳಿಸಿ, ಅಲ್ಲಿ ಕಚೇರಿಯ ನಿಜವಾದ ಸೈಟಿನ ಹೆಸರು ಹಾಕುತ್ತಾನೆ. ಬಾಲ ಇದ್ದ ಹಾಗೇ ಇರಲಿ. ತೆರೆಯುತ್ತದೆ! ಮನೆಯಲ್ಲಿ ನೀವೂ ಮಾಡಿ ನೋಡಿ, ಇಪ್ಪತ್ತು ರೂಪಾಯಿ ಉಳಿಯುತ್ತದೆ. ಮೊನ್ನೆ ಅವನ ಅಂಗಡಿಯಲ್ಲಿ ಕಾಕಾ ಒಬ್ಬರು ತಮ್ಮ ಓಣಿಯ ವಾಲಿದ ದೀಪದ ಕಂಬದ ದೂರು ಹಿಡಿದು ಬಂದಿದ್ದರು. ಹುಡುಗ ರಿಪೇರಿ ಮಾಡಿ, ತೆರೆದು, ಜೋರಾಗಿ ಓದಿದ: ‘ಪರಿಶೀಲಿಸಲಾಗಿ, ಸದರಿ ಕಂಬವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿದುಬಂದಿರುತ್ತದೆ.’

‘ಪ್ರಿಂಟ್ ಬೇಕೇನ್ರಿ ಕಾಕಾ?’

ಕಾಕಾ ಎರಡು ಪ್ರಿಂಟ್ ತೆಗೆಸಿಕೊಂಡರು. ಒಂದು ತಮ್ಮ ಫೈಲಿಗೆ, ಇನ್ನೊಂದು ಮುಂದಿನ ಕಚೇರಿಗೆ ಲಗತ್ತಿಸಲು.