ಎರಡು ಎಕ್ಕ, ಒಬ್ರು ಭಾವ

ನಿನ್ನೆ ರಾತ್ರಿ ಒಂಬತ್ತೂಕಾಲಕ್ಕೆಲ್ಲಾ ನಾನು ಅಡುಗೆಮನೇಲಿ ಶುಂಠಿ ಜಜ್ತಾ ನಿಂತಿದ್ದೆ. ನಮ್ಮನೆ ಶನಿವಾರದ ಪೋಕರ್ ಟೂರ್ನಮೆಂಟಲ್ಲಿ ಮೊದಲು ಔಟಾದೋರು ಎಲ್ರಿಗೂ ಟೀ ಮಾಡ್ಬೇಕು, ಆ ರೂಲು ಮಾಡಿದ್ದೂ ನಾನೇ. ದುಡ್ಡುಗಿಡ್ಡು ಏನಿಲ್ಲ, ಆರು ಜನ, ತಲಾ 1500 ಚಿಪ್ಸು, ಅದೂ ಸಾಲ್ದೆ 500ಕ್ಕೆ ಕೇರಂ ಬೋರ್ಡಿನ ಕಪ್ಪು ಕಾಯಿನ್ನು, ಗೆದ್ದೋರು ಭಾನುವಾರದ ತಿಂಡಿ ಯಾವ್ದು ಅಂತ ಹೇಳ್ತಾರೆ ಅಷ್ಟೇ.

ಔಟಾಗಿದ್ದಕ್ಕೆ ಬೇಜಾರಿಲ್ಲ. ಇದೆ, ಇರ್ಲಿ ಬಿಡಿ.

ನಾವಾಡೋ ಪೋಕರಲ್ಲಿ ಒಬ್ಬೊಬ್ರ ಕೈಗೂ ಎರಡೇ ಎಲೆ, ನನಗೆ ಬಂದಿದ್ದು ಆಟೀನ್ ಎಕ್ಕ, ಇಸ್ಪೀಟ್ ಎಕ್ಕ. ಎರಡು ಎಕ್ಕ ಸರಾಸರಿ 221 ಸಲ ಎಲೆ ಹಾಕಿದ್ರೆ ಒಂದ್ಸಲ ಬರುತ್ತೆ, ನಾವು ಒಂದು ರಾತ್ರಿಗೆ ಆಡೋದು ಜಾಸ್ತಿ ಅಂದ್ರೆ 60 ಕೈ, ಅಂದ್ರೆ ಇದು ತಿಂಗಳಿಗೊಂದ್ಸಲ ಬರೋ ಹಬ್ಬ. ಹಬ್ಬ ಬಂದ್ರೂ ಕಷ್ಟವೇ, ಎಷ್ಟು ರೈಸ್ ಮಾಡೋದು, ಅಂದ್ರೆ ಪಣ ಎಷ್ಟು ಏರಿಸೋದು? ಕಳೆದ ಸಲ ಆಸೆಬಿದ್ದು 400 ಹಾಕಿದ್ದೆ, ಎಲ್ರೂ ನನ್ನ ಮುಖ ನೋಡಿ ಎಲೆ ಮಡಚಿದ್ರು, ಸಿಕ್ಕಿದ್ದು ಎಲೆ ನೋಡೋ ಮುಂಚೆನೇ ಇಬ್ರು ಇಡ್ಲೇಬೇಕಾದ ಬ್ಲೈಂಡಿನ 25 ಮತ್ತೆ 50, ಒಟ್ಟು 75. ಅವತ್ತು ಭಾವ ಫೋನ್ ಬಂತು ಅಂತ ಬಾಲ್ಕನಿಗೆ ಹೋಗಿದ್ರು.

ಅದಕ್ಕೇ ಈ ಸಲ ಪುಸ್ತಕದಲ್ಲಿರೋ ಹಂಗೆ ದೊಡ್ಡ ಬ್ಲೈಂಡಿನ ಮೂರು ಪಟ್ಟು, 150 ಇಟ್ಟೆ. ಭಾವ ಸೋಫಾದಿಂದ ಮುಂದೆ ಬಗ್ಗಿ, ಕನ್ನಡಕ ಮೇಲೇರಿಸಿ, ತಮ್ಮ ಎಲೆ ಒಂದ್ಸಲ ನೋಡಿ, ಕೆಳಗಿಟ್ಟು, ಮತ್ತೆ ನೋಡಿ (ಅಷ್ಟರಲ್ಲಿ ಬದಲಾಗಿರುತ್ತೇನೋ ಅನ್ನೋ ಹಂಗೆ), "ನೂರೈವತ್ತು ತಾನೇ, ನೋಡೇ ಬಿಡೋಣ" ಅಂದ್ರು. ಈ ಮನುಷ್ಯ 50 ಇದ್ರೂ ನೋಡೇ ಬಿಡ್ತಾರೆ, 500 ಇದ್ರೂ ನೋಡೇ ಬಿಡ್ತಾರೆ, ಪ್ರಿಫ್ಲಾಪಲ್ಲಿ, ಅಂದ್ರೆ ನಡುವಿನ ಎಲೆ ಬೀಳೋ ಮುಂಚೆ, ಎಲೆ ಮಡಚಿದ್ದನ್ನ ನಾನಂತೂ ಕಂಡಿಲ್ಲ. ಭಾವ ಬಂದ್ರಲ್ಲಾ ಅಂತ ಪಕ್ಕದ ಮನೆಯವರು ಬಂದ್ರು, ಅವ್ರು ಬಂದ್ರು ಅಂತ ಇನ್ನಿಬ್ರು ಬಂದ್ರು, ನಾಲ್ಕು ಜನ, ಒಳ್ಳೆ ನಾಮಕರಣಕ್ಕೆ ಕರೆದಂಗೆ. ಒಬ್ರ ಎದುರು ನೂರಕ್ಕೆ 85 ಸಲ ಗೆಲ್ಲೋ ಎಕ್ಕದ ಜೋಡಿ ನಾಲ್ಕು ಜನ ಸೇರಿದ್ರೆ 55ರ ಆಸುಪಾಸಿಗೆ ಇಳಿಯುತ್ತೆ. ಇದನ್ನ ಭಾವಂಗೆ ಒಂದ್ಸಲ ಪೇಪರಲ್ಲಿ ಬರೆದು ತೋರಿಸಿದ್ದೆ, ಆ ಪೇಪರ್ ಮೇಲೇ ಕೋಡುಬಳೆ ಇಟ್ಕೊಂಡು ತಿಂದ್ರು.

ನಡುವೆ ಎಲ್ರಿಗೂ ಸೇರಿದ ಎಲೆಯಾಗಿ ಬಿದ್ದಿದ್ದು ರಾಣಿ, ಏಳು, ಎರಡು. ನಾನು ಇದ್ದಬದ್ದಿದ್ದೆಲ್ಲಾ ಕೇರಂ ಕಾಯಿನ್ ಸಮೇತ ನಡುವೆ ತಳ್ಳಿದೆ. ಭಾವನೂ ಅಷ್ಟೇ ಚಿಪ್ಸ್ ಇಟ್ಟು ಎಲೆ ತಿರುಗಿಸಿದ್ರು. ಕಳಾವರ್ ಏಳು, ಡೈಮನ್ ಎರಡು. ನಡುವಿನ ಏಳು, ಎರಡರ ಜೊತೆ ಸೇರಿ ಅವರದ್ದು ಎರಡು ಜೋಡಿ, ನನ್ನ ಎಕ್ಕದ ಒಂದೇ ಜೋಡಿಗಿಂತ ಮೇಲು. 169 ಥರದ ಕೈಗಳಲ್ಲಿ ಇದಕ್ಕಿಂತ ದರಿದ್ರದ್ದು ಇಲ್ಲ ಅಂತ ಪೋಕರ್ ಆಡೋರೆಲ್ಲಾ ಬೈಯೋ ಕೈ ಅದು.

"ಭಾವಾ, ಇದನ್ನ ಯಾಕೆ ಆಡಿದ್ರಿ?"

"ಎಪ್ಪತ್ತೆರಡು ಕಣಪ್ಪಾ, ನಾನು ಹುಟ್ಟಿದ ವರ್ಷ."

ಇದಕ್ಕೆ ಏನ್ ಹೇಳ್ತೀರಾ? ಹುಟ್ಟಿದ ವರ್ಷ ಚೇಂಜ್ ಮಾಡ್ಕೊಳ್ಳಿ ಅನ್ನೋಕಾಗುತ್ತಾ?

ಟೀ ಕುದೀತಿದ್ದಾಗ ನೆನಪಾಯ್ತು, ಈ "ನೋಡೇ ಬಿಡೋಣ" ಭಾವಂದಲ್ಲ, ನಮ್ಮಪ್ಪಂದು. ಅಕ್ಕನ ಮದುವೆ ಹಿಂದಿನ ರಾತ್ರಿ ಛತ್ರದ ಜಮಖಾನದ ಮೇಲೆ ಗಂಡಿನ ಕಡೆಯವರ ಜೊತೆ ರಮ್ಮಿ, ಅಪ್ಪ ಎಂಥಾ ಕೆಟ್ಟ ಎಲೆ ಬಂದ್ರೂ ಡ್ರಾಪ್ ಮಾಡ್ತಿರ್ಲಿಲ್ಲ, ಎದುರಿಗೆ ಕೂತಿದ್ದ ಮದುವೆ ಗಂಡು ಬಾಯಿಬಿಟ್ಕೊಂಡು ನೋಡ್ತಿದ್ರು. ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ಆ ಮಾತು ನಾನು ಕಲೀಲಿಲ್ಲ, ಅಳಿಯ ಕಲ್ತ್ರು.

ಹಾಗಂತ ಹಾಲು ಉಕ್ಕದೇ ಇರುತ್ತಾ, ಒಲೆ ತುಂಬಾ ಚೆಲ್ತು. ಒರೆಸಿ, ಲೋಟ ತಗೊಂಡು ಹೋಗಿ ಭಾವನ ಪಕ್ಕ ಇಟ್ಟೆ. ಅವರ ಮುಂದೆ ನನ್ನ ಕಪ್ಪು ಕಾಯಿನ್ ಒಂದರ ಮೇಲೊಂದು ಗೋಪುರ ಆಗಿತ್ತು. ಎಲೆಯಿಂದ ಕಣ್ಣು ತೆಗೀದೇ ಒಂದು ಗುಟುಕು ಕುಡಿದ್ರು.

"ಶುಂಠಿ ಇನ್ನೊಂಚೂರು ಹಾಕ್ಬೋದಿತ್ತು ನೋಡು."