ಕೋಡಿ ಇಲ್ಲದ ಒಡ್ಡು ಯಾರ ಉದ್ಧಾರಕ್ಕ?

ಒಡ್ಡು ಹಾಕಿ ಕೊಡ್ರಿ ಅಂತ ನಾವು ಕೇಳಿದ್ದು ಖರೆ. ಕೋಡಿ, ಅಂದ್ರ ಹೆಚ್ಚಿನ ನೀರು ಹೋಗಾಕ ದಾರಿ, ಇಲ್ಲದ ಒಡ್ಡು ಹಾಕ್ರಿ ಅಂತ ಊರಾಗ ಯಾರೂ ಕೇಳಿರಲಿಲ್ಲ. ಉತ್ತರಿ ಮಳಿಗೆ ನಮ್ಮ ಹೊಲದ ಮ್ಯಾಲಿನ ಒಡ್ಡು ಒಡದು, ಹಿಂಗಾರಿ ಜೋಳ ಬಿತ್ತಾಕ ಹರಗಿ ಹಸನ ಮಾಡಿ ಇಟ್ಟಿದ್ದ ಎರಿ, ಅಂದ್ರ ಕಪ್ಪು ಮಣ್ಣು, ಹಳ್ಳದ ಪಾಲಾಗೇತಿ. ಒಡದ ಜಾಗಾದಾಗ ಇಳಿದು ನಿಂತ್ರ ಎದಿ ಮಟ ಕೊರಕಲು, ತಳದಾಗ ಬರೇ ಗರಸು. ಅಲ್ಲೇ ದಂಡಿಗೆ ಕಾಮಗಾರಿ ಬೋರ್ಡು ನಿಲ್ಲಿಸ್ಯಾರ. ಆ ಬೋರ್ಡಿಗೆ ಸುರಿದ ಸಿಮೆಂಟು ಕೋಡಿಗೆ ಹಾಕಿದ್ರ ನಮ್ಮ ಹೊಲ ಉಳೀತಿತ್ತು.

ನಮ್ಮದು ತಾಳಿಕೋಟಿ ಕಡೆ, ಡೋಣಿ ಹೊಳಿ ಸಾಲು. ಡೋಣಿ ಹರಿದ್ರ ಓಣೆಲ್ಲ ಕಾಳು ಅಂತಾರಲ್ಲ, ಅದ ನೆಲ. ಈ ಎರಿ ಬ್ಯಾಸಿಗ್ಯಾಗ ಮೊಣಕೈ ಮಟ ಕೈ ಹೋಗುವಂಗ ಬಿರೀತೈತಿ. ಮಳಿ ಹತ್ತಿದ ಮ್ಯಾಲ ಉಬ್ಬಿ ಬಾಯಿ ಮುಚ್ಚತೈತಿ, ಆಮ್ಯಾಲ ನೀರು ಇಂಗೂದು ಭಾಳ ಸಾವಕಾಶ. ಮಸಾರಿ, ಅಂದ್ರ ಕೆಂಪು ಮಣ್ಣಿನ ಹೊಲದಾಗ ಒಡ್ಡಿನ ಹಿಂದ ನಿಂತ ನೀರು ಇಂಗಿ ಹೋಗ್ತೈತಿ. ಎರಿಯೊಳಗ ಹಂಗಲ್ಲ. ಒಡ್ಡೂ ಅದ ಮಣ್ಣಿಂದು, ಅದೂ ಬಿರಿದಿರ್ತೈತಿ, ನಿಂತ ನೀರು ಆ ಬಿರುಕು ಹಿಡಿದು ಒಳಗಿಂದ ಕೊರೀತಾ ಹೋಗ್ತೈತಿ. ಅದಕ್ಕ ಆಳದ ಎರಿಗೆ ಒಡ್ಡು ಒಂಚೂರು ಇಳಿಜಾರು ಇರ್ಬೇಕು, ಹೆಚ್ಚಿನ ನೀರಿಗೆ ಕಲ್ಲಿನ ಕೋಡಿ ಬೇಕು, ಹೊಲದೊಳಗ ಸಣ್ಣ ಬದು ಹಾಕಿ ಚೌಕುಮಡಿ ಮಾಡ್ಬೇಕು. ವಿಜಾಪುರದಾಗ 1930ರ ದಶಕದಿಂದ ಒಣ ಬೇಸಾಯದ ಸಂಶೋಧನಾ ನಡದೈತಿ. ಪಕ್ಕದ ಹುನಗುಂದದಾಗ ರೈತ ಮಲ್ಲಣ್ಣ ನಾಗರಾಳರು ಒಡ್ಡು, ಕೋಡಿ ಕಟ್ಟಿ ಮಳಿಯಾಶ್ರಿತ ಹೊಲ ಹ್ಯಾಂಗ ಉಳಿಸಬೇಕಂತ ತೋರಿಸ್ಯಾರ. ಇಷ್ಟೆಲ್ಲ ನಮ್ಮ ಮನಿ ಬಾಗಲಾಗ ಇದ್ದೂ ಒಬ್ಬ ಎಂಜಿನಿಯರಿಗೆ ಎರಿಗೂ ಮಸಾರಿಗೂ ಫರಕ ತಿಳೀಬಾರದೇನ್ರಿ?

ನನ್ನ ಹೊಟ್ಟಿ ಉರಿಯೂದು ಇನ್ನೊಂದು ಮಾತಿಗೆ. ಅಲ್ಲೊಂದು ಹಳೇ ಕೋಡಿ ಇತ್ತು. ನಮ್ಮ ಮುತ್ಯಾ ಕಟ್ಟಿದ್ದು. ದೊಡ್ಡ ಕಲ್ಲು ಬುಡಕ್ಕ, ಸಂದಿಗೆಲ್ಲ ಸಣ್ಣ ಕಲ್ಲು ಬಡದು ಕೂಡಿಸಿದ್ದ, ಒಂದು ಬುಟ್ಟಿ ಸುಣ್ಣ ಹಾಕಿದ್ದಿಲ್ಲ. ನೀರು ಅದರ ಮ್ಯಾಲ ಹಾದು ಕೆಳಗಿಳೀತಿತ್ತು, ಮಣ್ಣು ಹಿಂದ ಕುಂದರ್ತಿತ್ತು. ಪ್ರತಿ ವರ್ಷ ಮಳಿಗಾಲಕ್ಕ ಮುಂಚೆ ಅಪ್ಪ ಸರಿದ ಕಲ್ಲು ಕೂಡಿಸ್ತಿದ್ದ. ಮಾರ್ಚ್ ತಿಂಗಳ ಕೊನೀಗೆ ಬಂದ ಜೆಸಿಬಿ ಅದನ್ನ ಕಿತ್ತು ಹೊಸ ಒಡ್ಡಿನ ಹೊಟ್ಟ್ಯಾಗ ಹೂತು ಹಾಕ್ತು. ಕಾಕಾ ಬಕೆಟ್ಟಿಗೆ ಅಡ್ಡ ನಿಂತು, "ಯಪ್ಪಾ, ಇಲ್ಲೇ ನೀರು ಇಳಿಯೂದು, ಇದನ್ನ ಬಿಡ್ರಿ" ಅಂತ ಕೈ ಮುಗದ. "ಎಸ್ಟಿಮೇಟಿನಾಗ ಕೋಡಿ ಇಲ್ಲರಿ ಯಜಮಾನ್ರ" ಅಂತ ಕೆಲಸ ಮಾಡಸಾಕ ಬಂದವರು ಅಂದ್ರು. ಮುಗೀತು.

ಕೆಲಸ ಉದ್ಯೋಗ ಖಾತ್ರಿದು. 2005ರ ಆ ಕಾಯ್ದೇದಾಗ ಗುತ್ತಿಗೆದಾರಗ ಜಾಗಾನೇ ಇರಲಿಲ್ಲ. ಆದಷ್ಟು ಮಟ್ಟಿಗೆ ಮಷೀನು ಬಿಟ್ಟು ಕೂಲಿ ಮಂದಿ ಕೈಲೇ ಮಾಡಿಸ್ಬೇಕಿತ್ತು. ಹಾಜರಿ ನೋಡಿದ್ರ ಗೋವಾಕ್ಕ ದುಡಿಯಾಕ ಹೋದವರ ಹೆಸರೂ ಅದರಾಗ ಅದಾವ. ಊರಾಗಿನ ಹೆಣ್ಮಕ್ಕಳು ಕೆಲಸ ಕೊಡ್ರಿ ಅಂತ ಪಂಚಾಯತಿ ಕಟ್ಟಿ ಮ್ಯಾಲ ಕುಂತಿದ್ರು. ಅವರಿಗೆ ಕೊಟ್ಟಿದ್ರ ಒಡ್ಡೂ ಗಟ್ಟಿ ಆಗ್ತಿತ್ತು. ಮಣ್ಣು ಥರಾ ಥರಾ ಹಾಕಿ ತುಳಿದು ಕೂಡಿಸೂ ಕೆಲಸ ಅವರಿಗೆ ಗೊತ್ತು. ಜೆಸಿಬಿ ಬರೇ ಗುಂಪಿ ಹಾಕಿ ಹೋತು.

ಒಂದು ಎಕರೆದಾಗ ಒಂದಿಂಚು ಮಣ್ಣು ಹೋತಂದ್ರ ನೂರು ಘನ ಮೀಟರಿಗೂ ಹೆಚ್ಚು. ಟ್ರ್ಯಾಲಿಗೆ ಮೂರು ಘನ ಮೀಟರ್ ಹಿಡಿದ್ರೂ ಮೂವತ್ತು ಟ್ರ್ಯಾಲಿ ದಾಟತೈತಿ. ನಮ್ಮ ಹೊಲದಾಗ ಹೋಗಿದ್ದು ಒಂದಿಂಚಲ್ಲ. ಬೀಜ, ಗೊಬ್ಬರ ಸಾಲಾ ಮಾಡಿ ತರಬಹುದು. ಈ ಮಣ್ಣು ಎಲ್ಲಿಂದ ತರೋಣ?

ಪಂಚಾಯತಿಗೆ ಹೋದ್ರ ಕೃಷಿ ಇಲಾಖೆಗೆ ಹೋಗ್ರಿ ಅಂತಾರ, ಅಲ್ಲಿ ಹೋದ್ರ ಪಂಚಾಯತಿ ಕಾಮಗಾರಿ ಅಂತಾರ. ತಲಾಟಿ ಬಂದು ಫೋಟೋ ಹೊಡಕೊಂಡು, ಹೊಲದಾಗ ಬೆಳಿ ಇರಲಿಲ್ಲ, ಬೆಳಿ ಹಾನಿ ಬರಂಗಿಲ್ಲ ಅಂದ. ಬಿತ್ತೂದಕ್ಕ ಮೊದಲ ನೆಲಾನೇ ಹೋದ್ರ ಬೆಳಿ ಎಲ್ಲಿಂದ ಬರಬೇಕು?

ಬರೂ ಗ್ರಾಮಸಭಾದಾಗ ಅಳತಿ ಪುಸ್ತಕ ಎಲ್ಲಾರ ಮುಂದ ಓದಿಸೂಮಟ ನಾವು ಏಳಂಗಿಲ್ಲ. ಲೆಕ್ಕ ತಪಾಸಣೆ ಮಾಡಿಸೂ ಹಕ್ಕು ಗ್ರಾಮಸಭಾಕ್ಕ ಕಾಯ್ದೇನ ಕೊಟ್ಟೈತಿ. ಎಷ್ಟು ಉದ್ದ, ಎಷ್ಟು ಎತ್ತರ, ಯಾರಿಗೆ ಎಷ್ಟು ಕೂಲಿ, ಎಲ್ಲಾ ಓದಲಿ. ಮುಂದಿನ ಒಡ್ಡಿನ ಗುರುತು ಹಾಕೂ ಮೊದಲು ಎಂಜಿನಿಯರು ಮಳಿಯಾಗ ಒಂದ ಸಲ ನಮ್ಮ ಜೋಡಿ ಹೊಲ ತಿರಗಲಿ. ಮತ್ತ ಒಡ್ಡಿನ ಹೊಟ್ಟ್ಯಾಗ ಹೂತ ಮುತ್ಯಾನ ಕಲ್ಲು ತಗದು ಕೊಡಲಿ, ಕೋಡಿ ನಾವ ಕಟ್ಟಕೊಂತೀವಿ.